ಮಳೆಯ ದಿನಗಳನ್ನೂ ಲೆಕ್ಕಕ್ಕೆ ಹಿಡಿದು: ಪ್ರಾಥಮಿಕ ಶಾಲೆಯಲ್ಲಿ ಪಾಠ ಯೋಜನೆ ಬರೆಯುವ ಬಗೆ

ಪ್ರತಿ ವರ್ಷ ಮೇ ಕೊನೆಯ ವಾರ ಶಾಲೆಯ ಬೀಗ ತೆಗೆಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ: "ಮೇಡಂ, ನಾಲ್ಕನೇ ತರಗತಿಯ ವಾರ್ಷಿಕ ಪಾಠ ಹಂಚಿಕೆ ಪಿಡಿಎಫ್ ಇದೆಯಾ?" ಕೇಳುವವರು ಹೆಚ್ಚಾಗಿ ಹೊಸದಾಗಿ ನೇಮಕವಾಗಿ ಬಯಲುಸೀಮೆಯಿಂದ ಕಾರವಾರ, ಅಂಕೋಲಾ, ಕುಮಟಾ ಕಡೆ ಬಂದವರು. ಪಿಡಿಎಫ್ ಕಳಿಸುತ್ತೇನೆ. ಜೊತೆಗೆ ಒಂದು ಮಾತನ್ನೂ ಹೇಳುತ್ತೇನೆ: ಇದು ಇನ್ನೊಂದು ಊರಿನ ಮಳೆಗೆ, ಇನ್ನೊಂದು ಶಾಲೆಯ ಮಕ್ಕಳಿಗೆ ಬರೆದದ್ದು. ನಿಮ್ಮ ಶಾಲೆಗೆ ನೀವೇ ಬರೆಯಬೇಕು. ಎರಡು ಸಂಜೆ ಕೂತರೆ ಆಗುವ ಕೆಲಸ.

ನಾನು ಮೊದಲು ಘಟ್ಟದ ಮೇಲಿನ ಶಿರಸಿಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ, ಆಮೇಲೆ ಘಟ್ಟ ಇಳಿದು ಕರಾವಳಿಗೆ ಬಂದೆ. ಎರಡೂ ಕಡೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ದಿನ ಎಣಿಸಿ, ಆಮೇಲೆ ಪಾಠ ಹಂಚಿ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ, 800 ಬೋಧನಾ ಗಂಟೆ ಬೇಕು. 6ರಿಂದ 8ಕ್ಕೆ 220 ದಿನ, 1000 ಗಂಟೆ. ಯೋಜನೆ ಬರೆಯುವಾಗ ಈ ಅಂಕಿಯನ್ನೇ ಹಿಡಿದು ಪಾಠ ಹಂಚಿದರೆ ಆಗಸ್ಟ್ ಹೊತ್ತಿಗೇ ಹಿಂದೆ ಬೀಳುತ್ತೇವೆ. ಶಾಲೆ ತೆರೆದ ದಿನವೆಲ್ಲ ನಿಮ್ಮ ವಿಷಯದ ಪಾಠ ನಡೆಯುವುದಿಲ್ಲ.

ಜುಲೈ ತಿಂಗಳನ್ನೇ ಲೆಕ್ಕ ಹಾಕಿ ನೋಡಿ. 31 ದಿನ. ನಾಲ್ಕು ಭಾನುವಾರ ಹೋದರೆ 27. ಒಂದು ಹಬ್ಬದ ರಜೆ ಹೋದರೆ 26. ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪಿನ) ಸಭೆ, ತರಬೇತಿ ಅಂತ ಎರಡು ದಿನ ತೆಗೆದಿಡಿ, 24. ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ರಜೆ ಇಲ್ಲದ ದಿನವೂ ಹಳ್ಳ ತುಂಬಿದರೆ ಆಚೆ ದಡದ ಮಕ್ಕಳು ಬರುವುದಿಲ್ಲ. ನಾನು ಜುಲೈಗೆ ಐದು ದಿನ ಮಳೆಯ ಖಾತೆಗೆ ಬರೆದುಬಿಡುತ್ತೇನೆ. ಉಳಿದದ್ದು 19. ಅದರಲ್ಲಿ ಶನಿವಾರಗಳು ಅರ್ಧ ದಿನ. ಮಳೆ ರಜೆಯನ್ನು ಮುಂದೆ ಶನಿವಾರ ಮಧ್ಯಾಹ್ನದ ತರಗತಿ ಮಾಡಿ ಸರಿದೂಗಿಸುತ್ತೇವೆ, ನಿಜ. ಆದರೆ ಆ ಅರ್ಧ ದಿನಗಳಲ್ಲಿ ಹೊಸ ಪಾಠ ಶುರು ಮಾಡಬೇಡಿ, ಪುನರಾವರ್ತನೆಗೆ ಇಟ್ಟುಕೊಳ್ಳಿ. ವಾರವಿಡೀ ಕೂತ ಮಗು ಶನಿವಾರ ಮಧ್ಯಾಹ್ನ ಹೊಸದನ್ನು ಹಿಡಿದುಕೊಳ್ಳುವುದು ಕಷ್ಟ.

ಹೀಗೆ ಪ್ರತಿ ತಿಂಗಳ ನಿಜವಾದ ಅವಧಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಜೂನ್, ಜುಲೈ ಸಣಕಲಾಗಿ ಕಾಣುತ್ತವೆ. ನವೆಂಬರ್, ಡಿಸೆಂಬರ್, ಜನವರಿ ದಪ್ಪ ತಿಂಗಳುಗಳು. ಕಷ್ಟದ ಪಾಠ ಯಾವುದೋ ಅದನ್ನು ದಪ್ಪ ತಿಂಗಳಿಗೆ ತಳ್ಳಲು ಸಾಧ್ಯವಾ ನೋಡಿ.

ಊರಿನ ಪಂಚಾಂಗವನ್ನೂ ಅದೇ ಹಾಳೆಯ ಬದಿಗೆ ಬರೆದುಕೊಳ್ಳಿ. ಶಿರಸಿ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ವಾರ ಹಾಜರಿ ಅರ್ಧಕ್ಕೆ ಇಳಿದರೆ ಮಕ್ಕಳನ್ನು ಬೈದು ಫಲವಿಲ್ಲ, ಮೊದಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದಾಗ ದೊಡ್ಡ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಕರಾವಳಿಯಲ್ಲಿ ಸುಗ್ಗಿ ಹಬ್ಬ, ಗಣೇಶ ಚೌತಿ, ಊರಿನ ದೇವರ ಕಾರ್ಯ ಇವೆಲ್ಲ ಸರ್ಕಾರಿ ರಜೆಯ ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ತರಗತಿಯಲ್ಲಿ ಕಾಣಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಮೀನುಗಾರರ ಮನೆಗಳಲ್ಲಿ ಕೈ ಬಿಗಿ. ಸ್ಕೇಲು, ಬಣ್ಣದ ಪೆನ್ಸಿಲು, ಚಾರ್ಟು ತರಬೇಕಾದ ಚಟುವಟಿಕೆಯನ್ನು ಜೂನ್‌ನಲ್ಲಿ ಇಡಬೇಡಿ. ತರದ ಮಗು ಕಾರಣ ಹೇಳದೆ ತಲೆ ತಗ್ಗಿಸಿ ನಿಲ್ಲುತ್ತದೆ. ಅದನ್ನು ನೋಡಿದ ಮೇಲೆ ನಾನು ಆ ಪಾಠಗಳನ್ನೆಲ್ಲ ಸೆಪ್ಟೆಂಬರಿನಾಚೆಗೆ ಸರಿಸಿದೆ.

ಪರಿಸರ ಅಧ್ಯಯನಕ್ಕಂತೂ ಋತು ನೋಡದೆ ಯೋಜನೆ ಬರೆಯಲೇಬಾರದು. ಬೀಜ ಮೊಳೆಯುವುದು, ಸಸಿ ನೆಡುವುದು ಜೂನ್‌ನಲ್ಲೇ ಬರಲಿ, ಶಾಲೆಯ ಹಿತ್ತಿಲೇ ಪ್ರಯೋಗಶಾಲೆ ಆಗುತ್ತದೆ. ಕಡಲ ದಂಡೆಗೆ ಹೊರಸಂಚಾರ ಹೋಗುವುದಿದ್ದರೆ ಡಿಸೆಂಬರ್-ಜನವರಿಗೆ ಇಡಿ, ಅದೂ ಇಳಿತದ ಹೊತ್ತು ನೋಡಿಕೊಂಡು. ಇಳಿತ ಯಾವಾಗ ಅಂತ ಊರಿನ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ಅಘನಾಶಿನಿ ದಂಡೆಯ ಶಾಲೆಯಾದರೆ ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಕಗ್ಗ ಭತ್ತ, ಬಳಚು ಎಂಬ ಚಿಪ್ಪುಮೀನು, ಸಾಣಿಕಟ್ಟೆಯ ಉಪ್ಪಿನ ಆಗರ ಎಲ್ಲವೂ ಹತ್ತಿರದಲ್ಲೇ ಇವೆ. ಪುಸ್ತಕದ ಪಾಠಗಳ ಕ್ರಮ ಬದಲಿಸಿದರೆ ತಪ್ಪೇನೂ ಇಲ್ಲ. ಆ ಅವಧಿಯ ರೂಪಣಾತ್ಮಕ (ಕಲಿಕೆಯ ನಡುವಿನ), ಸಂಕಲನಾತ್ಮಕ (ಕೊನೆಯ) ಮೌಲ್ಯಮಾಪನಕ್ಕೆ ಬೇಕಾದ ಪಾಠಗಳು ಅದರೊಳಗೆ ಮುಗಿದಿರಬೇಕು, ಅಷ್ಟೇ. ಕ್ರಮ ಬದಲಿಸಿದ್ದಕ್ಕೆ ಕಾರಣವನ್ನು ಯೋಜನೆಯ ಬದಿಯಲ್ಲಿ ಒಂದು ಸಾಲು ಬರೆದಿಡಿ. ನೋಡಲು ಬಂದವರಿಗೆ ಅದೇ ಉತ್ತರ ಕೊಡುತ್ತದೆ.

ಸೇತುಬಂಧವನ್ನು ದಾಖಲೆಗಾಗಿ ಮಾಡಬೇಡಿ

ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸಿಕೊಳ್ಳುವ, ವರ್ಷದ ಆರಂಭದ ಸೇತುಬಂಧ ಕಾರ್ಯಕ್ರಮಕ್ಕೆ ಪೂರ್ವ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ ಅಂತ ಇದೆ. ಎಲ್ಲರೂ ಮಾಡುತ್ತೇವೆ, ಅಂಕಪಟ್ಟಿಯನ್ನೂ ಫೈಲಿಗೆ ಹಾಕುತ್ತೇವೆ. ಆದರೆ ಅಂಕದಿಂದ ಯೋಜನೆ ಬರೆಯಲು ಬರುವುದಿಲ್ಲ. "10ಕ್ಕೆ 4" ಎಂಬುದು ಯಾವ ನಾಲ್ಕು ಅಂತ ಹೇಳುವುದಿಲ್ಲ.

ನಾನು ಮಾಡುವುದು ಇಷ್ಟು. ಮೊದಲ ಹತ್ತು ದಿನ ದಿನಕ್ಕೆ ಮೂರು ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತೇನೆ. ಒಬ್ಬರಿಗೆ ಏಳೆಂಟು ನಿಮಿಷ ಸಾಕು. ಹಿಂದಿನ ತರಗತಿಯ ಪುಸ್ತಕದಿಂದ ನಾಲ್ಕು ಸಾಲು ಓದಿಸುವುದು, ಓದಿದ್ದರ ಬಗ್ಗೆ ಒಂದು ಪ್ರಶ್ನೆ, ಒಂದು ವಾಕ್ಯ ಉಕ್ತಲೇಖನ, ಕೈಲೆಕ್ಕ ಎರಡು, ದಶಕ ಬಿಡಿಸಿ ಕಳೆಯುವ ಲೆಕ್ಕ ಒಂದು. ಅಂಕ ಕೊಡುವುದಿಲ್ಲ, ವಾಕ್ಯ ಬರೆಯುತ್ತೇನೆ. "ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ." "52ರಿಂದ 38 ಕಳೆ ಎಂದರೆ 26 ಬರೆದ, ಅಂದರೆ 8ರಿಂದ 2 ಕಳೆದಿದ್ದಾನೆ." ಎರಡನೆಯ ಸಾಲು ನೋಡಿ. ಆ ಹುಡುಗನಿಗೆ ಕಳೆಯುವುದು ಬರುತ್ತದೆ, ದಶಕ ಬಿಡಿಸುವುದು ಬರುವುದಿಲ್ಲ. ಅವನಿಗೆ ಬೇಕಾದದ್ದು ಕಡ್ಡಿ ಕಟ್ಟುಗಳ ಎರಡು ಅವಧಿ. ಕಳೆಯುವ ಲೆಕ್ಕ ಇನ್ನೂ ಐವತ್ತು ಕೊಟ್ಟರೆ ತಪ್ಪನ್ನೇ ಐವತ್ತು ಸಲ ಮಾಡುತ್ತಾನೆ.

ಕಾರವಾರದ ಸುತ್ತಮುತ್ತ ಇನ್ನೊಂದು ವಿಷಯ ಸೇರುತ್ತದೆ. ಬಹಳ ಮಕ್ಕಳ ಮನೆಮಾತು ಕೊಂಕಣಿ. ಒಂದನೇ ತರಗತಿಯ ಮಗು ನೀರಿನ ಚಿತ್ರ ನೋಡಿ "ಉದಕ" ಎಂದರೆ ಅದಕ್ಕೆ ಉತ್ತರ ಗೊತ್ತಿದೆ, ಕನ್ನಡದ ಪದ ಮಾತ್ರ ಗೊತ್ತಿಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. "ಗೊತ್ತಿಲ್ಲ" ಎಂಬ ಒಂದೇ ಕಾಲಮ್ಮಿಗೆ ಹಾಕಿದರೆ ಆ ಮಗುವಿಗೆ ಅನ್ಯಾಯ. ಯೋಜನೆಯ ಪುಸ್ತಕದಲ್ಲಿ ಪ್ರತಿ ಘಟಕಕ್ಕೆ ಎಂಟು-ಹತ್ತು ಪದಗಳ ಸಣ್ಣ ಪಟ್ಟಿ ಇರಲಿ: ಈ ಪಾಠಕ್ಕೆ ಬೇಕಾದ, ನಮ್ಮ ಮಕ್ಕಳ ಮನೆಯಲ್ಲಿ ಬಳಕೆಯಲ್ಲಿಲ್ಲದ ಕನ್ನಡ ಪದಗಳು. ಪಾಠ ಶುರುವಾಗುವ ಮೂರು ದಿನ ಮುಂಚಿನಿಂದ ಮಾತಿನ ನಡುವೆ ಅವನ್ನು ಬಳಸುತ್ತಿರಿ. ಬಿಸಿಯೂಟ ಬಡಿಸುವಾಗ, ಪ್ರಾರ್ಥನೆ ಸಾಲಿನಲ್ಲಿ, ಗಿಡಕ್ಕೆ ನೀರು ಹಾಕುವಾಗ. ಕೊಂಕಣಿ ನಿಮಗೆ ಬಾರದಿದ್ದರೆ ಅಡುಗೆಯ ಅಕ್ಕಂದಿರನ್ನು ಕೇಳಿ. ನನಗೆ ಅವರೇ ಕಲಿಸಿದ್ದು.

ಘಟಕ ಯೋಜನೆಯನ್ನು ಕೊನೆಯಿಂದ ಬರೆಯಿರಿ

ಘಟಕ ಎಂದರೆ ಒಂದು ಪಾಠವೋ, ಒಟ್ಟಿಗೆ ಹೋಗುವ ಎರಡು ಪಾಠಗಳೋ. ಪುಸ್ತಕದ ಮೊದಲ ಪುಟದಿಂದ ಶುರು ಮಾಡಿದರೆ ಪುಟ ಮುಗಿಸುವುದೇ ಗುರಿಯಾಗುತ್ತದೆ. ನನ್ನ ಆರಂಭದ ವರ್ಷಗಳಲ್ಲಿ ನವೆಂಬರಿಗೇ ಪಾಠ ಮುಗಿಸಿದ್ದೆ, ಮುಖ್ಯ ಗುರುಗಳೂ ಮೆಚ್ಚಿದ್ದರು. ಡಿಸೆಂಬರಿನಲ್ಲಿ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟೆ, ಇಪ್ಪತ್ತೆರಡು ಮಕ್ಕಳಲ್ಲಿ ಐವರು ಮಾಡಿದರು. ಆ ಮಧ್ಯಾಹ್ನ ನನಗೆ ಆದ ಸಂಕಟ ಈಗಲೂ ನೆನಪಿದೆ.

ಹಾಗಾಗಿ ಮೊದಲು ಕಲಿಕಾ ಫಲ ಓದಿ, ಅದನ್ನು ನಿಮ್ಮ ಮಾತಿನಲ್ಲಿ "ಈ ಘಟಕ ಮುಗಿದಾಗ ಮಗು ಏನು ಮಾಡಿ ತೋರಿಸಬೇಕು" ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. "ಭಿನ್ನರಾಶಿಯನ್ನು ಅರಿಯುವನು" ಎಂದು ಬರೆದರೆ ನೋಡಲು ಏನೂ ಸಿಗುವುದಿಲ್ಲ. "ಒಂದೇ ವಸ್ತುವಿನ 1/4 ಮತ್ತು 1/8 ಕೊಟ್ಟರೆ ಯಾವುದು ದೊಡ್ಡದು ಎಂದು ಚಿತ್ರ ಬರೆದು ಹೇಳುತ್ತಾಳೆ" ಎಂದರೆ ಕಣ್ಣಿಗೆ ಕಾಣುತ್ತದೆ. ಆಮೇಲೆ ಅದನ್ನು ಪರೀಕ್ಷಿಸುವ ಪ್ರಶ್ನೆಗಳನ್ನು ಬರೆಯಿರಿ. ಪಾಠದ ಮೊದಲೇ ಪ್ರಶ್ನೆ ಬರೆದಿಟ್ಟರೆ ಪಾಠ ದಾರಿ ತಪ್ಪುವುದಿಲ್ಲ. ಚಟುವಟಿಕೆ, ಬೋಧನೋಪಕರಣ ಎಲ್ಲ ಮೂರನೆಯದು.

ಘಟಕಕ್ಕೆ ಹತ್ತು ಅವಧಿ ಇದ್ದರೆ ಏಳಕ್ಕೆ ಮಾತ್ರ ಪಾಠ ತುಂಬಿ. ಒಂದು ಮೌಲ್ಯಮಾಪನಕ್ಕೆ. ಎರಡು ಖಾಲಿ. ಆ ಎರಡು ಖಾಲಿ ಮನೆಗಳು ಯೋಜನೆಯ ಪುಸ್ತಕದಲ್ಲಿ ಹಾಗೇ ಖಾಲಿ ಕಾಣಲಿ. ಮಳೆ ತಿಂದರೆ ತಿಂದಿತು, ತಿನ್ನದಿದ್ದರೆ ಹಿಂದೆ ಉಳಿದವರಿಗೆ.

ಒಂದು ದಿನದ ಪಾಠ, ಹತ್ತಿರದಿಂದ

ಪಾಠ ಟಿಪ್ಪಣಿಗೆ ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳ ನಮೂನೆ ಇದೆ. ಒಳ್ಳೆಯ ನಮೂನೆ. ಅದನ್ನು ತುಂಬುವುದು ಹೇಗೆ ಎಂದು ನಾಲ್ಕನೇ ತರಗತಿಯ ಭಿನ್ನರಾಶಿಯ ಒಂದು 40 ನಿಮಿಷದ ಅವಧಿಯಿಂದ ತೋರಿಸುತ್ತೇನೆ.

ಮಕ್ಕಳು ಎಲ್ಲ ಕಡೆ ಮಾಡುವ ತಪ್ಪು ಇದು: 8 ಎಂಬುದು 4ಕ್ಕಿಂತ ದೊಡ್ಡದು, ಆದ್ದರಿಂದ 1/8 ಎಂಬುದು 1/4ಕ್ಕಿಂತ ದೊಡ್ಡದು. ಪುಸ್ತಕದಲ್ಲಿ ರೊಟ್ಟಿ, ಹಣ್ಣಿನ ಚಿತ್ರ ಇರುತ್ತದೆ. ನಾನು ಪಾಲಿನಿಂದ ಶುರು ಮಾಡಲು ಯೋಚಿಸಿದೆ. ದಂಡೆಯಿಂದ ಎಳೆಯುವ ದೊಡ್ಡ ರಂಪಣಿ ಬಲೆ ಎಳೆದ ಮೇಲೆ ಮೀನನ್ನು ಪಾಲು ಹಾಕುವುದನ್ನು ನಮ್ಮ ಮಕ್ಕಳು ದಂಡೆಯಲ್ಲಿ ನಿಂತು ನೋಡಿದ್ದಾರೆ. ಹಿಂದಿನ ದಿನ ಗುಂಪಿಗೆ 24ರಂತೆ ಬಳಚಿನ ಚಿಪ್ಪು ಆರಿಸಿ ತೊಳೆದಿಟ್ಟೆ.

ಮೊದಲ ಐದು ನಿಮಿಷ ಮಾತು. "ಇವತ್ತು ಇಷ್ಟು ಮೀನು ಸಿಕ್ಕಿತು. ಎಳೆದವರು ಇಬ್ಬರೇ ಆದರೆ ಒಬ್ಬರಿಗೆ ಎಷ್ಟು?" ಮುಂದಿನ ಹನ್ನೆರಡು ನಿಮಿಷ ಕೈಕೆಲಸ: 24 ಚಿಪ್ಪನ್ನು 2, 3, 4, 6, 8 ಪಾಲು ಮಾಡಿ, ಪ್ರತಿ ಸಲ ಒಂದು ಪಾಲಿಗೆ ಬಂದದ್ದನ್ನು ಸ್ಲೇಟಿನಲ್ಲಿ ಬರೆಯುವುದು. 12, 8, 6, 4, 3. ನಾನು ಏನೂ ಹೇಳುವ ಮೊದಲೇ ಒಬ್ಬಳು ತಲೆ ಎತ್ತಿ ಕೇಳಿದಳು: "ಪಾಲು ಜಾಸ್ತಿ ಆದ್ರೆ ಒಬ್ರಿಗೆ ಸಿಗೂದು ಕಮ್ಮಿ ಅಲ್ದಾ ಅಕ್ಕೋರೆ?" ನಾನು ವಿವರಣೆಗೆ ಬರೆದಿಟ್ಟಿದ್ದ ವಾಕ್ಯವೇ ಅದು. ಅವಳಿಂದಲೇ ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿದೆ.

ಅಷ್ಟರಲ್ಲಿ ಹಿಂದಿನ ಗುಂಪಿನಲ್ಲಿ ಜಗಳ. "ನಂಗೆ ಬರೀ ಸಣ್ಣದೇ ಬಂತು" ಅಂತ ಒಬ್ಬ. ಚಿಪ್ಪುಗಳು ಒಂದೇ ಗಾತ್ರದವಲ್ಲ, ನಾನು ಅದನ್ನು ಯೋಚಿಸಿರಲಿಲ್ಲ. ಕೇಳಿದೆ: "ಹಾಗಾದರೆ ಇದು ಸರಿಯಾದ ಪಾಲಾ?" ಅಲ್ಲ ಎಂದರು. ಭಿನ್ನರಾಶಿಯಲ್ಲಿ ಭಾಗಗಳು ಸಮ ಇರಬೇಕು ಎಂಬುದು ಮರುದಿನದ ಪಾಠವಾಗಿತ್ತು. ಅದು ಆಗಲೇ ಬಂದುಬಿಟ್ಟಿತು, ಅಲ್ಲೇ ಮಾಡಿದೆವು. ಒಂದೇ ಅಳತೆಯ ಕಾಗದದ ಪಟ್ಟಿಗಳನ್ನು ಎಲ್ಲರಿಗೂ ಕೊಟ್ಟು ಒಂದನ್ನು ಎರಡಾಗಿ, ಒಂದನ್ನು ನಾಲ್ಕಾಗಿ, ಒಂದನ್ನು ಎಂಟಾಗಿ ಮಡಿಸಿ, ಮಡಿಕೆಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿದೆವು. ಎಣಿಸುವ ಚಿಪ್ಪಿನಿಂದ ಒಂದೇ ಪಟ್ಟಿಯ ಭಾಗಕ್ಕೆ ಬರುವ ಈ ಹೆಜ್ಜೆಯನ್ನು ಬಿಡಬೇಡಿ. ಚಿಪ್ಪಿನಲ್ಲೇ ನಿಂತರೆ ಮಗುವಿಗೆ ಭಾಗಾಕಾರ ಮಾತ್ರ ಬರುತ್ತದೆ.

ಕೊನೆಯ ಐದು ನಿಮಿಷ ಯಾವ ಕಾರಣಕ್ಕೂ ಪಾಠಕ್ಕೆ ಬಿಟ್ಟುಕೊಡಬೇಡಿ. "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ "ಹೌದು ಅಕ್ಕೋರೇ" ಎನ್ನುತ್ತದೆ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ನಾನು ಹಲಗೆಯ ಮೇಲೆ ಬರೆದೆ: ಒಂದೇ ಉದ್ದದ ಪಟ್ಟಿಯ 1/3 ದೊಡ್ಡದೋ, 1/6 ದೊಡ್ಡದೋ? ಚಿತ್ರ ಬರೆದು ತೋರಿಸು. ಮಕ್ಕಳು ಹೋಗುವಾಗ ಸ್ಲೇಟು ಮೇಜಿನ ಮೇಲಿಟ್ಟು ಹೋದರು. ಸ್ಲೇಟುಗಳನ್ನು ಮೂರು ರಾಶಿ ಮಾಡಿದೆ: ಉತ್ತರ, ಚಿತ್ರ ಎರಡೂ ಸರಿ; ಉತ್ತರ ಸರಿ, ಆದರೆ ಚಿತ್ರದಲ್ಲಿ ಭಾಗಗಳು ಸಮ ಇಲ್ಲ; ಎರಡೂ ತಪ್ಪು. ಮರುದಿನದ ಯೋಜನೆ ಆ ಮೂರು ರಾಶಿಯಲ್ಲೇ ಇತ್ತು.

ಟಿಪ್ಪಣಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಶಬ್ದಶಃ ಬರೆದಿಡಿ. ಉಳಿದದ್ದು ಗುರುತಿನ ಪದಗಳಲ್ಲಿದ್ದರೆ ಸಾಕು. ಒಮ್ಮೆ ಒಬ್ಬ ಮೇಲಧಿಕಾರಿ ನನ್ನ ಟಿಪ್ಪಣಿ ಪುಸ್ತಕ ತಿರುವಿ, ಪುಟ ತುಂಬಿಲ್ಲ ಎಂದು ಆಕ್ಷೇಪ ಬರೆದು ಹೋದರು. ತರಗತಿಯೊಳಗೆ ಬರಲಿಲ್ಲ. ಬೇಸರವಾಯಿತು. ಆದರೂ ಹೊಸಬರಿಗೆ ನಾನು ಹೇಳುವುದು, ಪುಟ ತುಂಬಿಸಲು ಹೋಗಿ ಪ್ರಶ್ನೆ ಯೋಚಿಸುವ ಸಮಯ ಕಳೆದುಕೊಳ್ಳಬೇಡಿ.

ಎರಡು ತರಗತಿ, ಒಬ್ಬರೇ ಶಿಕ್ಷಕರು

ಘಟ್ಟದ ಮೇಲೆ, ಜೋಯಿಡಾ, ಯಲ್ಲಾಪುರದ ಕಾಡಿನ ಊರುಗಳಲ್ಲಿ ಇದೇ ಸಾಮಾನ್ಯ ಸ್ಥಿತಿ. ಚಿಕ್ಕ ತರಗತಿಗಳಿಗೆ ನಲಿಕಲಿ (ಮಕ್ಕಳು ಗುಂಪಿನಲ್ಲಿ ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಇರುವುದರಿಂದ ಯೋಜನೆಯ ಬೆನ್ನೆಲುಬು ಸಿದ್ಧವಾಗಿಯೇ ಸಿಗುತ್ತದೆ: ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಪ್ರಗತಿ ನೋಟ. ಅಲ್ಲಿ ನಿಮ್ಮ ಕೆಲಸ ಬೆಳಿಗ್ಗೆ ಐದು ನಿಮಿಷ ಪ್ರಗತಿ ನೋಟ ನೋಡಿ, ಇವತ್ತು ಯಾವ ಮಗು ಯಾವ ತಟ್ಟೆಯಲ್ಲಿ (ಗುಂಪಿನಲ್ಲಿ) ಕೂರುತ್ತದೆ, ಶಿಕ್ಷಕರ ಪೂರ್ಣ ಸಹಾಯದ ಗುಂಪಿಗೆ ಯಾರು ಬರುತ್ತಾರೆ ಎಂದು ಗುರುತಿಸುವುದು. ಆ ಐದು ನಿಮಿಷ ತಪ್ಪಿದರೆ ಎಲ್ಲ ಮಕ್ಕಳೂ ನಿಮ್ಮ ಸುತ್ತಲೇ ಸೇರುತ್ತಾರೆ.

4 ಮತ್ತು 5ನ್ನು ಒಟ್ಟಿಗೆ ತೆಗೆದುಕೊಳ್ಳುವವರು ಅವಧಿಯನ್ನು "ನಾನು ಬೇಕಾದ ಹೊತ್ತು", "ನಾನು ಬೇಡದ ಹೊತ್ತು" ಎಂದು ಎರಡು ಬಣ್ಣದಲ್ಲಿ ಬರೆಯಿರಿ. ಒಂದು ತರಗತಿಗೆ ನೀವು ಬೇಕಾದಾಗ ಇನ್ನೊಂದಕ್ಕೆ ಬೇಡದ ಕೆಲಸ ಇರಬೇಕು. ಹತ್ತಿರದ ಪಾಠಗಳನ್ನು ಒಂದೇ ವಾರಕ್ಕೆ ತನ್ನಿ. ಭಿನ್ನರಾಶಿ ಎರಡೂ ತರಗತಿಯಲ್ಲಿದೆ, ಆರಂಭದ ಮಾತುಕತೆ ಒಟ್ಟಿಗೇ ಆಗುತ್ತದೆ, ಆಮೇಲೆ ಕವಲೊಡೆಯಬಹುದು. ನೀವು ಬೇಡದ ಹೊತ್ತಿನ ಕೆಲಸ ಎಂದರೆ ಹಲಗೆಯಿಂದ ನಕಲು ಮಾಡುವುದಲ್ಲ. ಹಿಂದಿನ ದಿನ ಗೊತ್ತಾದ ವಿಷಯದ ಮೇಲೆ ಜೋಡಿಯಾಗಿ ಲೆಕ್ಕ ಕಟ್ಟಿ ಇನ್ನೊಂದು ಜೋಡಿಗೆ ಕೊಡುವಂಥ ಕೆಲಸ.

ಮಳೆಯ ಪೆಟ್ಟಿಗೆ

ಹೆಂಚಿನ ಮಾಡಿನ ಮೇಲೆ ಮಳೆ ಹೊಡೆಯಲು ಶುರುವಾದರೆ ನಿಮ್ಮ ಮಾತು ಎರಡನೇ ಸಾಲಿಗೂ ಕೇಳುವುದಿಲ್ಲ. ಹಾಜರಿ 22ರಲ್ಲಿ 9 ಇರಬಹುದು. ಅಂಥ ದಿನ ಮುಂದಿನ ಪಾಠ ಮಾಡಿದರೆ ಉಳಿದ 13 ಮಕ್ಕಳಿಗೆ ಮತ್ತೆ ಮಾಡಬೇಕು. ಅದಕ್ಕೆ ಮೇ ತಿಂಗಳಲ್ಲೇ ಒಂದು ಪೆಟ್ಟಿಗೆ ಸಿದ್ಧ ಮಾಡಿ: ಮಾತಿಲ್ಲದೆ ಮಾಡುವ ಹತ್ತು ಕೆಲಸಗಳ ಕಾರ್ಡು. ಚಿತ್ರ ನೋಡಿ ಕಥೆ ಬರೆಯುವುದು, ಪದಬಂಧ, ಗ್ರಂಥಾಲಯದ ಪುಸ್ತಕ ಓದಿ ಮೂರು ಪ್ರಶ್ನೆ ಮಾಡುವುದು, ಅಂಗಳದಲ್ಲಿ ಡಬ್ಬಿ ಇಟ್ಟು ಮಳೆ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಪಟ್ಟಿ ಬರೆಯುವುದು. ಕೊನೆಯದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಾಡಿದರೆ ಐದನೇ ತರಗತಿಗೆ ದತ್ತಾಂಶದ ಪಾಠಕ್ಕೆ ಅವರದೇ ಅಂಕಿಗಳು ಸಿಗುತ್ತವೆ.

ಪಾಠವಾದ ಮೇಲಿನ ಮೂರು ಸಾಲು

ದಿನಚರಿಯಲ್ಲಿ "ಭಿನ್ನರಾಶಿ ಪಾಠ ಬೋಧಿಸಲಾಯಿತು" ಎಂದು ಬರೆಯುವ ಜಾಗದಲ್ಲೇ ಮೂರು ಸಾಲು ಬರೆಯಿರಿ: ಏನು ನಡೆಯಿತು, ಯಾರು ಎಲ್ಲಿ ನಿಂತರು, ನಾಳೆ ಏನು ಬದಲಾಗಬೇಕು. ಶಾಲೆ ಬಿಟ್ಟು ಬಸ್ಸು ಬರುವ ಮುಂಚೆಯೇ ಬರೆದುಬಿಡಿ, ಮನೆಗೆ ಹೋದ ಮೇಲೆ ಆಗುವುದಿಲ್ಲ. ಶಿಕ್ಷಕರ ವಾರದ 45 ಗಂಟೆಯಲ್ಲಿ ತಯಾರಿಯ ಸಮಯವೂ ಸೇರಿದೆ ಎಂದು ಕಾಯ್ದೆಯೇ ಹೇಳುತ್ತದೆ. ಆ ಸಮಯ ನಿಮ್ಮ ಹಕ್ಕು, ಬೇರೆ ಕಾಗದದ ಕೆಲಸಕ್ಕೆ ಪೂರ್ತಿ ಬಿಟ್ಟುಕೊಡಬೇಡಿ. ಭಿನ್ನರಾಶಿಯ ದಿನ ನಾನು ಬರೆದದ್ದು: "ಚಿಪ್ಪು ಒಂದೇ ಗಾತ್ರದ್ದು ಬೇಡ, ಜಗಳದಿಂದಲೇ ಸಮಭಾಗ ಬಂತು. ಮುಂದಿನ ವರ್ಷವೂ ಬೆರೆಸಿಯೇ ಇಡುವುದು. 7 ಮಕ್ಕಳಿಗೆ ನಾಳೆ ಪಟ್ಟಿ ಮಡಿಸುವುದು ಮತ್ತೆ."

ತಿಂಗಳ ಕೊನೆಯ ಶನಿವಾರ ಆ ಸಾಲುಗಳನ್ನೆಲ್ಲ ಓದಿ, ಮುಂದಿನ ತಿಂಗಳ ಹಾಳೆಯನ್ನು ತಿದ್ದಿ. ಪೆನ್ಸಿಲ್‌ನಲ್ಲಿ ಬರೆದಿದ್ದರೆ ತಿದ್ದಲು ಸಂಕೋಚ ಇರುವುದಿಲ್ಲ.

ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ ಹೇಳಿ ಮಕ್ಕಳನ್ನು ಕಳಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಮುಂದಿನ ತರಗತಿ ತೆಗೆದುಕೊಳ್ಳುವವರಿಗೆ, ಅಥವಾ ವರ್ಗಾವಣೆಯಾದರೆ ನಿಮ್ಮ ಜಾಗಕ್ಕೆ ಬರುವವರಿಗೆ, ಮಗುವಿಗೊಂದು ಸಾಲಿನಂತೆ ಒಂದು ಹಾಳೆ ಬರೆದು ಹಾಜರಿ ಪುಸ್ತಕದೊಳಗೆ ಇಡಿ. ನಾನು ಕರಾವಳಿಗೆ ಬಂದ ವರ್ಷ ಹಿಂದಿನ ಅಕ್ಕೋರು ಇಟ್ಟುಹೋದ ಅಂಥ ಹಾಳೆ ಸಿಕ್ಕಿತ್ತು. ಅದರಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಹೀಗಿತ್ತು: "ದೋಣಿ ದಾಟಿ ಬರುತ್ತಾನೆ, ಮೊದಲ ಅವಧಿ ಯಾವಾಗಲೂ ತಪ್ಪುತ್ತದೆ. ಗಣಿತ ಮೊದಲ ಅವಧಿಗೆ ಇಡಬೇಡಿ." ಆ ಜೂನ್‌ನಲ್ಲಿ ನಾನು ವೇಳಾಪಟ್ಟಿ ಬರೆದಾಗ ಗಣಿತವನ್ನು ಮೂರನೇ ಅವಧಿಗೆ ಹಾಕಿದೆ.